ಚೀನೀ ಭಾಷೆಯ ಕಲಿಕೆ: ಮೊದಲು ಕಿವಿ, ಆನಂತರ ಲಿಪಿ

ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನಲ್ಲಿ ಕೊಳ್ಳುವುದಕ್ಕೂ ‘ಮೈ’ ಎನ್ನುತ್ತಾರೆ, ಮಾರುವುದಕ್ಕೂ ‘ಮೈ’ ಎನ್ನುತ್ತಾರೆ. ಧ್ವನಿಯನ್ನು ತಗ್ಗಿನಲ್ಲಿ ಹಿಡಿದು ನುಡಿದರೆ ಕೊಳ್ಳುವುದು. ಮೇಲಿನಿಂದ ಥಟ್ಟನೆ ಕೆಳಗಿಳಿಸಿದರೆ ಮಾರುವುದು. ಬಿಡಿಭಾಗಗಳನ್ನೋ ಎಲೆಕ್ಟ್ರಾನಿಕ್ ಸಾಮಗ್ರಿಯನ್ನೋ ಅರಸಿ ಗುವಾಂಗ್‌ಝೌ, ಯಿವು ಪೇಟೆಗಳಿಗೆ ಹೋಗುವ ವ್ಯಾಪಾರಿಗೆ ಇದು ನೇರವಾಗಿ ವ್ಯವಹಾರದ ಪ್ರಶ್ನೆ. ಅಲ್ಲಿ ವೈದ್ಯಕೀಯ ಓದುವ ಭಾರತೀಯ ವಿದ್ಯಾರ್ಥಿಗೆ ಪಾಠ ಇಂಗ್ಲಿಷಿನಲ್ಲಿಯೇ ನಡೆದರೂ, ವಾರ್ಡಿನಲ್ಲಿ ಮಲಗಿರುವ ರೋಗಿ ತನ್ನ ನೋವನ್ನು ತೋಡಿಕೊಳ್ಳುವುದು ಚೀನೀ ಭಾಷೆಯಲ್ಲಿಯೇ.

ವಯಸ್ಸಾದ ಮೇಲೆ ಈ ಭಾಷೆ ಒಲಿಯುವುದೇ ಎಂಬ ಸಂಶಯ ಸಹಜ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆಯು ತನ್ನ ಇಂಗ್ಲಿಷ್ ಭಾಷಿಕ ರಾಜತಾಂತ್ರಿಕರಿಗೆ ಮ್ಯಾಂಡರಿನ್ ಕಲಿಸಲು ಸುಮಾರು 2,200 ತರಗತಿ ಗಂಟೆಗಳು, ಅಂದರೆ 88 ವಾರಗಳು ಬೇಕೆಂದು ಲೆಕ್ಕ ಹಾಕಿದೆ. ಈ ಅಂಕಿಗೆ ಹೆದರಿ ಹಿಂದೆ ಸರಿಯುವವರಿದ್ದಾರೆ. ಆದರೆ ಹೆಚ್ಚಿನವರು ಸೋಲುವುದು ಬೇರೆಡೆ. ಸಾವಿರಾರು ಲಿಪಿಚಿಹ್ನೆಗಳ ಭಯದಿಂದ ಮೊದಲ ದಿನವೇ ಚಿತ್ರ ಬಿಡಿಸಲು ಕುಳಿತು, ಉಚ್ಚಾರಣೆಯನ್ನು ‘ಆಮೇಲೆ ತಿದ್ದಿಕೊಂಡರಾಯಿತು’ ಎಂದು ಮುಂದೂಡುತ್ತಾರೆ. ತಪ್ಪಾಗಿ ಕಲಿತ ಐನೂರು ಪದಗಳನ್ನು ಆಮೇಲೆ ತಿದ್ದುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಮ್ಯಾಂಡರಿನ್‌ನಲ್ಲಿ ಧ್ವನಿಯ ಏರಿಳಿತದ ನಾಲ್ಕು ಬಗೆಗಳಿವೆ. ಇವನ್ನೇ ಟೋನ್ ಎನ್ನುತ್ತಾರೆ. ಮೊದಲನೆಯದು ಎತ್ತರದಲ್ಲಿ ಸಮವಾಗಿ ನಿಲ್ಲುತ್ತದೆ. ಎರಡನೆಯದು ಏರುತ್ತದೆ, ಮಾತು ಸರಿಯಾಗಿ ಕೇಳಿಸದಿದ್ದಾಗ ನಾವು ‘ಆಂ?’ ಎನ್ನುವಂತೆ. ಮೂರನೆಯದು ತಗ್ಗಿನಲ್ಲಿ ಉಳಿಯುತ್ತದೆ. ನಾಲ್ಕನೆಯದು ಮಕ್ಕಳನ್ನು ಗದರಿಸುವ ‘ಏಯ್’ನಂತೆ ಧುಮುಕುತ್ತದೆ. ಇವುಗಳಲ್ಲದೆ ಒತ್ತಿಲ್ಲದ ತಟಸ್ಥ ಧ್ವನಿಯೂ ಒಂದುಂಟು. ಈ ಎತ್ತರ ತಗ್ಗುಗಳು ಸಂಗೀತದ ಶ್ರುತಿಯಂತೆ ಅವರವರ ಕಂಠಕ್ಕೆ ತಕ್ಕವು. ಗಂಡಸಿನ ‘ಎತ್ತರ’ ಹೆಂಗಸಿನ ‘ತಗ್ಗಿ’ಗಿಂತ ಕೆಳಗಿದ್ದರೂ ಅಡ್ಡಿಯಿಲ್ಲ.

ವಯಸ್ಕರ ಕಿವಿ ಇದಕ್ಕೆ ಪಳಗುವುದಿಲ್ಲವೆಂಬುದು ತಪ್ಪು ತಿಳಿವಳಿಕೆ. ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವಾರಗಳಲ್ಲಿ ಎಂಟು ಬಾರಿ ಟೋನ್ ಗುರುತಿಸುವ ತರಬೇತಿ ನೀಡಿದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಅವರ ನಿಖರತೆ ಸರಾಸರಿ ಶೇ. 21ರಷ್ಟು ಹೆಚ್ಚಿತು, ಆರು ತಿಂಗಳ ನಂತರವೂ ಅದು ಉಳಿದಿತ್ತು. ಹಲವು ಜನರ ದನಿಗಳನ್ನು ಕೇಳಿಸಿದ್ದು ಆ ತರಬೇತಿಯ ವಿಶೇಷ. ಒಬ್ಬರೇ ಶಿಕ್ಷಕರ ಧ್ವನಿಗೆ ಒಗ್ಗಿಹೋದ ಕಿವಿ ಪೇಟೆಯಲ್ಲಿ ತಬ್ಬಿಬ್ಬಾಗುವುದು ಸಹಜವೇ. ಬಿಡಿ ಪದಗಳಿಗಿಂತ ಎರಡೆರಡು ಪದಗಳ ಜೋಡಿಯಲ್ಲಿ ಅಭ್ಯಾಸ ಮಾಡುವುದು ಲೇಸು. ಎರಡು ಮೂರನೆಯ ಟೋನ್‌ಗಳು ಒಟ್ಟಿಗೆ ಬಂದರೆ ಮೊದಲಿನದು ಎರಡನೆಯ ಟೋನ್ ಆಗುತ್ತದೆ. ‘ನೀ ಹಾವ್’ ಎಂಬ ನಮಸ್ಕಾರದಲ್ಲಿಯೇ ಈ ಮಾರ್ಪಾಡು ಇದೆ.

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ, ಆದರೆ ಬಹುಮಂದಿ ಅದನ್ನು ಕೈಬಿಡುತ್ತಾರೆ. ಚೀನಾ 1958ರಲ್ಲಿ ಜಾರಿಗೆ ತಂದ ‘ಪಿನ್‌ಯಿನ್’ ಪದ್ಧತಿ ಚೀನೀ ಉಚ್ಚಾರಣೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುತ್ತದೆ. ಅದನ್ನು ಇಂಗ್ಲಿಷಿನಂತೆ ಓದಿದರೆ ಕೆಟ್ಟಿತು. ಪಿನ್‌ಯಿನ್‌ನ ‘ಬಿ’ ಅಕ್ಷರ ನಮ್ಮ ಬಕಾರವಲ್ಲ, ಅಲ್ಪಪ್ರಾಣ ‘ಪ’. ಅದರ ‘ಪಿ’ ಅಕ್ಷರ ಮಹಾಪ್ರಾಣ ‘ಫ’. ಈ ‘ಫ’ ಫ್ಯಾನಿನದಲ್ಲ, ಹಳೆಯ ಮೇಷ್ಟರು ‘ಫಲ’ ಎಂದು ಉಚ್ಚರಿಸುತ್ತಿದ್ದಾಗಿನದು. ಹಾಗೆಯೇ ‘ಡಿ’, ‘ಟಿ’ಗಳು ‘ತ’, ‘ಥ’ಗಳಿಗೆ ಹತ್ತಿರ, ‘ಜಿ’, ‘ಕೆ’ಗಳು ‘ಕ’, ‘ಖ’. ಬೀಜಿಂಗ್ ಎಂಬುದು ಅಲ್ಲಿನವರ ಬಾಯಲ್ಲಿ ಬಹುಮಟ್ಟಿಗೆ ‘ಪೇಯ್‌ಚಿಂಗ್’. ನಾಲಿಗೆ ಮಡಿಸುವ ‘ಷ’, ಮಡಿಸದ ‘ಶ’ಗಳ ಭೇದವನ್ನು ನಾವು ಬರಹದಲ್ಲಿ ಉಳಿಸಿಕೊಂಡು ಮಾತಿನಲ್ಲಿ ಮರೆತಿದ್ದೇವೆ, ಚೀನೀಯರಿಗೆ ಅಂಥದೊಂದು ಭೇದ ಅರ್ಥವನ್ನೇ ಬದಲಿಸುತ್ತದೆ. ವರ್ಣಮಾಲೆಯನ್ನು ಒಮ್ಮೆ ಉಸಿರಿಟ್ಟು ಓದಿಕೊಂಡು ಪಿನ್‌ಯಿನ್‌ಗೆ ಕೈಹಾಕುವುದು ಒಳ್ಳೆಯದು.

ವ್ಯಾಕರಣದ ಮಟ್ಟಿಗೆ ಹೆದರಿಕೆ ಬೇಡ. ಲಿಂಗ, ವಿಭಕ್ತಿ ಪ್ರತ್ಯಯಗಳಿಲ್ಲ. ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಕರ್ಮಪದ ಕ್ರಿಯೆಯ ನಂತರ ಬರುವುದು ನಮಗೆ ತುಸು ವಿಚಿತ್ರ. ಆದರೆ ‘ನಾನು ಕೊಂಡ ಪುಸ್ತಕ’ ಎಂಬುದು ಅಲ್ಲಿಯೂ ಅದೇ ಕ್ರಮದಲ್ಲಿ ‘ವೋ ಮೈ ತ ಷು’. ಇಂಗ್ಲಿಷಿನಲ್ಲಿ ಪುಸ್ತಕ ಮೊದಲು ಬರುತ್ತದೆ. ಆದುದರಿಂದ ಇಂಥ ವಾಕ್ಯಗಳನ್ನು ಇಂಗ್ಲಿಷಿನ ಮೂಲಕ ಕಲಿಯುವುದು ಸುತ್ತುದಾರಿ.

ಲಿಪಿಯ ವಿಚಾರ. ಚಿಹ್ನೆಗಳು ಅರ್ಥವಿಲ್ಲದ ಗೀರುಗಳಲ್ಲ. ಬಹುಪಾಲು ಚಿಹ್ನೆಗಳಲ್ಲಿ ಒಂದು ಭಾಗ ಅರ್ಥದ ಸುಳಿವನ್ನೂ ಇನ್ನೊಂದು ಭಾಗ ಉಚ್ಚಾರಣೆಯ ಸುಳಿವನ್ನೂ ಕೊಡುತ್ತದೆ. ಕುದುರೆ ಎಂಬುದಕ್ಕೆ ‘ಮಾ’. ಅದರ ಪಕ್ಕದಲ್ಲಿ ಹೆಂಗಸಿನ ಚಿಹ್ನೆ ಇಟ್ಟರೆ ತಾಯಿ, ಹುಳುವಿನದನ್ನಿಟ್ಟರೆ ಇರುವೆ, ಬಾಯಿಯದನ್ನಿಟ್ಟರೆ ಪ್ರಶ್ನಾರ್ಥಕ. ಎಲ್ಲದರಲ್ಲೂ ‘ಮಾ’ ಇದೆ, ಟೋನ್ ಮಾತ್ರ ಬೇರೆಯಾಗಬಹುದು. 1716ರ ಕಾಂಗ್‌ಶಿ ನಿಘಂಟು ಚಿಹ್ನೆಗಳನ್ನೆಲ್ಲ ಇಂಥ 214 ಮೂಲಾಂಶಗಳ ಅಡಿಯಲ್ಲಿ ಜೋಡಿಸಿತು. ಕಾಲಕ್ರಮದಲ್ಲಿ ಉಚ್ಚಾರಣೆ ಬದಲಾಗಿ ಎಷ್ಟೋ ಸುಳಿವುಗಳು ಮಸುಕಾಗಿವೆ ಎಂಬುದೂ ನಿಜ. ಆದರೂ ಕಾರಣ ಹುಡುಕುವ ವಯಸ್ಕರ ಬುದ್ಧಿಗೆ ಈ ದಾರಿ ಉರು ಹೊಡೆಯುವುದಕ್ಕಿಂತ ಹಿತ.

ಎಲ್ಲವನ್ನೂ ಕೈಯಿಂದ ಬರೆಯಲೇಬೇಕೆಂಬ ಹಟವನ್ನು ಸಡಿಲಿಸಬಹುದು. ಫೋನಿನಲ್ಲಿ ಪಿನ್‌ಯಿನ್ ಒತ್ತಿ ಚಿಹ್ನೆ ಆರಿಸುವ ಅಭ್ಯಾಸದಿಂದ ಚೀನೀಯರೇ ಪೆನ್ನು ಹಿಡಿದಾಗ ಅಕ್ಷರ ಮರೆಯುತ್ತಿದ್ದಾರೆ. ವಿದೇಶೀಯರಿಗಾಗಿ 2021ರಲ್ಲಿ ಚೀನಾ ಪ್ರಕಟಿಸಿದ ಮಾನದಂಡ ಒಂಬತ್ತು ಹಂತಗಳಿಗೆ 3,000 ಚಿಹ್ನೆಗಳನ್ನು ಗೊತ್ತುಪಡಿಸಿ, ಕೈಬರಹಕ್ಕೆ 1,200ನ್ನು ಮಾತ್ರ ಕೇಳಿತು. ಮೊದಲ ಇನ್ನೂರು ಮುನ್ನೂರನ್ನು ಬರೆದು ಕಲಿತರೆ ಗೀರುಗಳ ಕ್ರಮ ಕೈಗೆ ಬರುತ್ತದೆ. ಉಳಿದವನ್ನು ಗುರುತಿಸಲು ಕಲಿತರೆ ಸಾಕು.

ಮರೆವಿಗೆ ಮದ್ದು ಅಂತರ ಬಿಟ್ಟು ಮಾಡುವ ಪುನರಾವರ್ತನೆ. ಹೊಸ ಪಾಠ ಮೊದಲಿಗೆ ಬೇಗ, ಆಮೇಲೆ ನಿಧಾನವಾಗಿ ಮರೆತುಹೋಗುತ್ತದೆಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದ. 2006ರಲ್ಲಿ ಬಂದ ‘ಆಂಕಿ’ಯಂತಹ ತಂತ್ರಾಂಶಗಳು ಯಾವ ಪದವನ್ನು ಯಾವ ದಿನ ಮತ್ತೆ ನೋಡಬೇಕೆಂದು ತಾವೇ ಲೆಕ್ಕವಿಡುತ್ತವೆ. ಆದರೆ ಪ್ರತಿ ಕಾರ್ಡಿನಲ್ಲೂ ಧ್ವನಿ ಇರಬೇಕು, ಬಿಡಿ ಪದದ ಬದಲು ಚಿಕ್ಕ ವಾಕ್ಯವಿರಬೇಕು. ಕಚೇರಿ, ಮನೆಗಳ ನಡುವೆ ಸಮಯ ಹುಡುಕುವವರಿಗೆ ಭಾನುವಾರದ ಮೂರು ಗಂಟೆಗಿಂತ ದಿನದ ಅರ್ಧ ಗಂಟೆಯೇ ಹೆಚ್ಚು ಫಲಕಾರಿ. ವಾರಕ್ಕೊಮ್ಮೆ ತಮ್ಮದೇ ಮಾತನ್ನು ಮುದ್ರಿಸಿಕೊಂಡು ಚೀನೀ ಭಾಷಿಕರೊಬ್ಬರಿಗೆ ಕೇಳಿಸಿ, ಅವರಿಗೆ ‘ಕೊಳ್ಳುವುದು’ ಕೇಳಿಸಿತೋ ‘ಮಾರುವುದು’ ಕೇಳಿಸಿತೋ ಎಂದು ವಿಚಾರಿಸಿಕೊಂಡರೆ ತಪ್ಪು ಬೇರೂರುವ ಮೊದಲೇ ಕಾಣುತ್ತದೆ.