ಅಪ್ಪಯ್ಯನ ಹುಟ್ಟುಹಬ್ಬಕ್ಕೆ ಹೊರಟ ಹಡಗು

ಬ್ಯಾಂಕಾಕಿನಲ್ಲಿ ರಾತ್ರಿ ರೈಲು ಹತ್ತಿ ದಕ್ಷಿಣದ ಚುಂಫೋನ್ ಪಟ್ಟಣದಲ್ಲಿ ಇಳಿದಾಗ ನನ್ನ ತಲೆಯಲ್ಲಿ ಇದ್ದದ್ದು ಮುಳುಗಿದ ಹಡಗು. ಅಲ್ಲಿಂದ ಹಾಟ್ ಸೈರೀ ಕಡಲತೀರಕ್ಕೆ ಹೋದರೆ ಕಣ್ಣಿಗೆ ಬಿದ್ದದ್ದು ನೆಲದ ಮೇಲೆ ನಿಂತ ಹಡಗು! ಊರಿನ ಹೆಸರನ್ನೇ ಹೊತ್ತ, 68 ಮೀಟರ್ ಉದ್ದದ ಟಾರ್ಪೆಡೊ ನೌಕೆ. ಇಟಲಿಯಲ್ಲಿ ಕಟ್ಟಿದ್ದು, 1938ರಲ್ಲಿ ನೌಕಾಪಡೆ ಸೇರಿ 1975ರಲ್ಲಿ ನಿವೃತ್ತಿಯಾದದ್ದು. ಇದರ ಸೋದರ ನೌಕೆಗಳಾದ ಚೋನ್‌ಬುರಿ, ಸೋಂಗ್‌ಖ್ಲಾ ಎರಡೂ 1941ರ ಜನವರಿಯಲ್ಲಿ ಕೋ ಚಾಂಗ್ ದ್ವೀಪದ ಬಳಿ ಫ್ರೆಂಚರ ಗುಂಡಿಗೆ ಮುಳುಗಿದವು. ಇದು ಉಳಿದುಕೊಂಡು, ಮುಪ್ಪಿನಲ್ಲಿ ದಡ ಸೇರಿದೆ.

ನೆಲಕ್ಕೆ ಹತ್ತಿದ ಹಡಗುಗಳೆಂದರೆ ನನಗೆ ಮೊದಲಿನಿಂದಲೂ ಮೋಹ. ಕಾರವಾರಕ್ಕೆ ಹೋದಾಗಲೆಲ್ಲ ಟಾಗೋರ್ ಕಡಲತೀರದ ಐಎನ್‌ಎಸ್ ಚಾಪೆಲ್ ಸುತ್ತ ಒಂದು ಸುತ್ತು ಹಾಕದೆ ಬಂದವನಲ್ಲ. ನೀರಿನಲ್ಲಿರುವಾಗ ಹಡಗಿನ ಅರ್ಧ ಮೈ ಮುಚ್ಚಿರುತ್ತದೆ. ನೆಲದ ಮೇಲೆ ನಿಲ್ಲಿಸಿದಾಗಲೇ ಅದರ ಹೊಟ್ಟೆ ಎಷ್ಟು ಆಳ, ಆ ತಗಡಿನ ಆಚೆ ಕಡಲು ಎಷ್ಟು ಹತ್ತಿರ ಎಂಬುದು ತಿಳಿಯುವುದು. ಸೈರೀಯಲ್ಲಿ ಅರ್ಧ ದಿನ ಈ ಹಡಗಿನ ಬುಡದಲ್ಲೇ ಕಳೆದೆ.

ಅದರ ಪಕ್ಕದಲ್ಲೇ ಗುಡಿ. ಗುಡಿಯೊಳಗಿರುವುದು ಒಬ್ಬ ನಾವಿಕ. ರಾಜ ಚುಲಾಲೊಂಗ್‌ಕೋರ್ನ್‌ನ 28ನೆಯ ಸಂತಾನ ಅಭಾಕರ, ಚುಂಫೋನ್ ರಾಜಕುಮಾರ. ಇಂಗ್ಲೆಂಡಿನಲ್ಲಿ ನೌಕಾವಿದ್ಯೆ ಕಲಿತು ಬಂದ. ವಿದೇಶಿ ಅಧಿಕಾರಿಗಳನ್ನೇ ನೆಚ್ಚಿಕೊಂಡಿದ್ದ ಸಿಯಾಮಿನ ನೌಕಾಪಡೆಗೆ ತನ್ನವರನ್ನೇ ತಯಾರು ಮಾಡಿದ. 1920ರಲ್ಲಿ ಇಂಗ್ಲೆಂಡಿನಲ್ಲಿ ಕೊಂಡ 'ಫ್ರಾ ರುವಾಂಗ್' ನೌಕೆಯನ್ನು ತಾನೇ ನಡೆಸಿಕೊಂಡು ತಾಯ್ನಾಡಿಗೆ ತಂದ. ನಡುವೆ ಕೆಲಕಾಲ ನೌಕಾಪಡೆಯಿಂದ ಹೊರಗಿದ್ದಾಗ 'ಮೋ ಫೋನ್' ಎಂಬ ಹೆಸರಿನಲ್ಲಿ ನಾಟಿ ವೈದ್ಯನಾಗಿ ಬಡವರಿಗೆ ಮದ್ದು ಕೊಟ್ಟ. 1923ರ ಮೇ 19ರಂದು ಇದೇ ಸೈರೀಯಲ್ಲಿ ತೀರಿಕೊಂಡ. ನಾವಿಕರು ಅವನನ್ನು ಕರೆಯುವುದು 'ಸದೆತ್ ತಿಯ' ಎಂದು. 'ತಿಯ' ಎಂಬುದು ಅಲ್ಲಿನ ಚೀನೀ ಮೂಲದ ಮನೆಗಳಲ್ಲಿ ಮಕ್ಕಳು ಅಪ್ಪನನ್ನು ಕರೆಯುವ ಮಾತು. ಕುಂದಾಪುರದ ಕಡೆಯವನಾದ ನನ್ನ ಕಿವಿಗೆ ಅದು 'ಅಪ್ಪಯ್ಯ' ಎಂದೇ ಕೇಳಿತು.

ನನ್ನ ತಲೆಯಲ್ಲಿದ್ದ ಆ ಮುಳುಗಿದ ಹಡಗು, ಥಾಯ್ ನೌಕಾಪಡೆಯ ಸುಖೋಥಾಯ್, ಹೊರಟದ್ದು ಈ ಅಪ್ಪಯ್ಯನ ಬಳಿಗೆ. 2022ರ ಡಿಸೆಂಬರ್ 19, ಅವನ ಹುಟ್ಟಿದ ದಿನ. ತೀರಿಕೊಂಡ ನೂರನೆಯ ವರ್ಷದ ಸ್ಮರಣೆಯೂ ಆಗ ನಡೆದಿತ್ತು. ಅಮೆರಿಕದ ಟಕೋಮಾದಲ್ಲಿ ಕಟ್ಟಿ 1987ರಲ್ಲಿ ಸೇವೆಗೆ ಸೇರಿದ್ದ, ಸುಮಾರು 77 ಮೀಟರ್ ಉದ್ದದ ಈ ಕಾರ್ವೆಟ್, ಅಂದರೆ ಸಣ್ಣ ಯುದ್ಧನೌಕೆ, ಸತ್ತಹೀಪ್ ನೆಲೆ ಬಿಟ್ಟು ಬರುತ್ತಿತ್ತು. ಹಡಗಿನಲ್ಲಿ 105 ಮಂದಿ. ಸಮಾರಂಭಕ್ಕೆಂದು ಹತ್ತಿದ್ದ ಸುಮಾರು 30 ಜನ ಆ ಲೆಕ್ಕದಲ್ಲೇ ಇದ್ದರು.

18ರಂದು ತೆರೆಗಳು ಮೂರು–ನಾಲ್ಕು ಮೀಟರ್ ಎದ್ದವು. ಹತ್ತಿರದ ಬಾಂಗ್ ಸಫಾನ್ ದಕ್ಕೆಗೆ ಆ ಅಬ್ಬರದಲ್ಲಿ ಹಡಗು ತಾಗಿಸುವುದು ಕಷ್ಟವೆಂದು ಸತ್ತಹೀಪಿಗೆ ಹಿಂದಿರುಗುವ ತೀರ್ಮಾನವಾಯಿತು. ಅಷ್ಟರಲ್ಲಿ ಒಳಗೆ ನೀರು. ನೀರು ವಿದ್ಯುತ್ ವ್ಯವಸ್ಥೆಯನ್ನು ಕೆಡಿಸಿತು, ಎಂಜಿನ್ ನಿಂತಿತು. ಕರೆಂಟಿಲ್ಲದೆ ನೀರೆತ್ತುವ ಪಂಪುಗಳೂ ನಿಂತವು. ಚಲನೆ ಕಳೆದುಕೊಂಡ ಹಡಗಿಗೆ ತೆರೆಗೆ ಮೂತಿ ಕೊಟ್ಟು ನಿಲ್ಲುವ ಶಕ್ತಿ ಇರುವುದಿಲ್ಲ. ವಾಲಿದಷ್ಟೂ ಒಳಗಿನ ನೀರು ಅದೇ ಮಗ್ಗುಲಿಗೆ ಹರಿದು ಇನ್ನಷ್ಟು ವಾಲಿಸುತ್ತದೆ. ಸಹಾಯಕ್ಕೆ ಬಂದ ನೌಕೆಗಳು ಪಂಪು ತಂದರೂ ಗಾಳಿ ಹತ್ತಿರ ಹೋಗಗೊಡಲಿಲ್ಲ. ನಡುರಾತ್ರಿಯ ಹೊತ್ತಿಗೆ, ದಡದಿಂದ ಸುಮಾರು 20 ನಾಟಿಕಲ್ ಮೈಲು ದೂರದಲ್ಲಿ ಸುಖೋಥಾಯ್ ಮುಳುಗಿತು. ಕ್ರಾಬುರಿ ನೌಕೆ ಮತ್ತು ಉಳಿದವರು ಸೇರಿ ಬದುಕಿಸಿದ್ದು 76 ಮಂದಿಯನ್ನು. 24 ಜನ ಸತ್ತರು. ಐವರು ಸಿಗಲೇ ಇಲ್ಲ.

ಅಂದು ಬೀಸಿದ್ದು ಹೆಸರಿಟ್ಟ ಚಂಡಮಾರುತವೇನೂ ಅಲ್ಲ. ಆ ಕರಾವಳಿ ಚಂಡಮಾರುತವನ್ನೂ ಕಂಡಿದೆ. 1989ರ ನವೆಂಬರಿನಲ್ಲಿ 'ಗೇ' ಇದೇ ಕೊಲ್ಲಿಯಲ್ಲಿ ಸೀಕ್ರೆಸ್ಟ್ ಎಂಬ ತೈಲಬಾವಿ ಕೊರೆಯುವ ಹಡಗನ್ನು ಮಗುಚಿ 91 ಜನರನ್ನು ಕೊಂದಿತು. ಚುಂಫೋನನ್ನು ಸೀಳಿ, ಬಂಗಾಳಕೊಲ್ಲಿ ದಾಟಿ, ನಮ್ಮ ಆಂಧ್ರದ ಕಾವಲಿಯ ಬಳಿ ಬಂದು ಅಪ್ಪಳಿಸಿತು. ಸುಖೋಥಾಯ್ ಎದುರಿಸಿದ್ದು ಪ್ರತಿವರ್ಷ ಬರುವ ಈಶಾನ್ಯ ಗಾಳಿ, ನಾವು ಹಿಂಗಾರು ಎನ್ನುವ ಅದೇ ಮಾರುತ. ನಮ್ಮ ಕರಾವಳಿಗೆ ಅದು ಭೂಮಿಯ ಕಡೆಯಿಂದ ಬರುವುದರಿಂದ ಡಿಸೆಂಬರ್ ಎಂದರೆ ದೋಣಿಗಳಿಗೆ ಒಳ್ಳೆಯ ಕಾಲ. ಚುಂಫೋನಿನ ದಡ ಪೂರ್ವಕ್ಕೆ ಮುಖ ಮಾಡಿದೆ. ಅವರ ಡಿಸೆಂಬರ್ ಎಂದರೆ ನಮ್ಮ ಆಷಾಢ.

ಹಾಗಾಗಿ 'ಪ್ರಕೃತಿ ಮುನಿಯಿತು' ಎಂಬ ಮಾತನ್ನು ನಾನು ಒಪ್ಪಲಾರೆ. ಗೊತ್ತಿದ್ದ ಗಾಳಿ, ಗೊತ್ತಿದ್ದ ತಿಂಗಳು. ಹೆಚ್ಚುವರಿಯಾಗಿ ಹತ್ತಿದ್ದವರಿಗೆ ಲೈಫ್ ಜಾಕೆಟ್ ಸಾಕಾಗಲಿಲ್ಲ ಎಂದು ನೌಕಾಪಡೆಯೇ ಒಪ್ಪಿಕೊಂಡದ್ದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ. ಹಡಗಿನಲ್ಲಿ ಕ್ಷಿಪಣಿ ಇತ್ತು, ಫಿರಂಗಿ ಇತ್ತು, ಟಾರ್ಪೆಡೊ ಇತ್ತು. ತಲೆಗೊಂದು ಜಾಕೆಟ್ ಇರಲಿಲ್ಲ. ನಮ್ಮೂರಲ್ಲಿ ನೂಲ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟವರಿಗೂ ದೋಣಿ ಇಳಿಸುವ ಮುಂಚೆ ಹಿರಿಯರು ಹೇಳುತ್ತಿದ್ದದ್ದು ಒಂದೇ ಮಾತು: 'ಗಾಳಿ ಕಂಡ್ಕಂಡ್ ಹೋಯ್ಕ್ ಮಗ.' ಪೂಜೆ ಬೇರೆ, ಎಚ್ಚರ ಬೇರೆ. ಫ್ರಾ ರುವಾಂಗನ್ನು ಅರ್ಧ ಭೂಮಿ ದಾಟಿಸಿ ತಂದ ಆ ಅಪ್ಪಯ್ಯನೂ ಬೇರೆ ಮಾತು ಹೇಳುತ್ತಿರಲಿಲ್ಲ.

ಹಡಗನ್ನು ಮೇಲೆತ್ತುವ ಯೋಚನೆ ಕೊನೆಗೆ ಕೈಬಿಟ್ಟುಹೋಯಿತು. 2024ರಲ್ಲಿ ಥಾಯ್ ಮತ್ತು ಅಮೆರಿಕದ ಮುಳುಗುಗಾರರು ಸೇರಿ ಇಳಿದು ತನಿಖೆ ನಡೆಸಿದರು, ಆಯುಧಗಳಿಂದ ಅಪಾಯವಾಗದಂತೆ ಮಾಡಿದರು. ಸುಖೋಥಾಯ್ ಅಲ್ಲೇ ಉಳಿಯಿತು.

ಸೈರೀಯ ಗುಡಿಯಲ್ಲಿ ಪಟಾಕಿ ಸುಡುವ ಪದ್ಧತಿಯಿದೆ. ನಾನೂ ಒಂದು ಸರ ಕೊಂಡೆ. ಯಾಕೆ ಸುಡುವುದು ಎಂದು ಮಾರುವ ಅಜ್ಜಿಯನ್ನು ಕೇಳಿದೆ. ಜತೆಗಿದ್ದ ಗೆಳೆಯ ಅವಳ ಮಾತನ್ನು ತಿಳಿಸಿದ: ಬೇಡಿಕೊಂಡದ್ದು ಈಡೇರಿದವರು ಸುಡುವುದು. ಕಡಲಿಗೆ ಹೋದವರು ಮನೆಗೆ ಬಂದರೆ ಸುಡುವುದು.

ಆ ಐವರು ಇನ್ನೂ ಬಂದಿಲ್ಲ. ಸರವನ್ನು ಹಾಗೇ ಅಜ್ಜಿಯ ಕೈಗೆ ಕೊಟ್ಟು ಬಂದೆ.