ಇಮೇಲ್ ಸರ್ವರ್‌ನ ದೂರನಿರ್ವಹಣೆ ಮತ್ತು ದೋಷಪರಿಹಾರ

ಇಮೇಲ್ ಸರ್ವರ್‌ನ ದೂರನಿರ್ವಹಣೆ ಎಂದರೆ ಕಚೇರಿಯೊಂದರ ಮಿಂಚಂಚೆ ವ್ಯವಸ್ಥೆಯನ್ನು ನಡೆಸುವ ಗಣಕದ ಎದುರು ಕುಳಿತುಕೊಳ್ಳದೆ, ಜಾಲದ ಮೂಲಕ ಬೇರೊಂದು ಸ್ಥಳದಿಂದ ಅದನ್ನು ನಿಯಂತ್ರಿಸುವುದು. ಹೊಸ ಖಾತೆ ತೆರೆಯುವುದು, ಅಂಚೆಪೆಟ್ಟಿಗೆಯ ಮಿತಿ ಬದಲಿಸುವುದು, ಸರತಿಯಲ್ಲಿ ನಿಂತ ಪತ್ರಗಳನ್ನು ಪರಿಶೀಲಿಸುವುದು, ಭದ್ರತಾ ತಿದ್ದುಪಡಿಗಳನ್ನು ಅಳವಡಿಸುವುದು ಇದರ ನಿತ್ಯದ ಕೆಲಸಗಳು. ಈ ಸಲಕರಣೆಗಳೇ ಕೆಟ್ಟುನಿಂತಾಗ ದೋಷ ಸರ್ವರ್‌ನಲ್ಲಿದೆಯೋ, ನಡುವಿನ ಜಾಲದಲ್ಲಿದೆಯೋ, ನಿರ್ವಾಹಕರ ಗಣಕದಲ್ಲಿಯೇ ಇದೆಯೋ ಎಂದು ಬೇರ್ಪಡಿಸುವುದು ಮೊದಲ ಹೆಜ್ಜೆಯಾಗಿರುತ್ತದೆ.

ಹಿನ್ನೆಲೆ

ಭಾರತದಲ್ಲಿ ಮಿಂಚಂಚೆಯ ಬಳಕೆ ಶೈಕ್ಷಣಿಕ ವಲಯದಲ್ಲಿ ಬೇರೂರಿದ್ದು 1986ರಲ್ಲಿ ಆರಂಭವಾದ ಅರ್ನೆಟ್ ಯೋಜನೆಯಿಂದ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅದರ ಆರಂಭಿಕ ಕೇಂದ್ರಗಳಲ್ಲಿ ಒಂದಾಗಿತ್ತು. ಆಗ ದೂರದ ಯಂತ್ರಕ್ಕೆ ಪ್ರವೇಶಿಸಲು ಟೆಲ್‌ನೆಟ್ ಬಳಕೆಯಲ್ಲಿತ್ತು. ಅದು ಪಾಸ್‌ವರ್ಡನ್ನು ಸಹ ಗೂಢಲಿಪಿಯಿಲ್ಲದೆ ಸಾಗಿಸುತ್ತಿತ್ತು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಮೇಲೆ, 1995ರಲ್ಲಿ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಅನ್ನು ರೂಪಿಸಿದರು. ಪೋಸ್ಟ್‌ಫಿಕ್ಸ್‌ನಂತಹ ಮುಕ್ತ ತಂತ್ರಾಂಶದ ಅಂಚೆ ಸರ್ವರ್‌ಗಳನ್ನು ಇಂದಿಗೂ ಹೆಚ್ಚಾಗಿ ಇದರ ಮೂಲಕವೇ ನಿರ್ವಹಿಸಲಾಗುತ್ತದೆ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್‌ನಲ್ಲಿ 2010ರ ಆವೃತ್ತಿಯಿಂದ ದೂರದ ಪವರ್‌ಶೆಲ್, 2013ರ ಆವೃತ್ತಿಯಿಂದ ಜಾಲಪುಟ ರೂಪದ ನಿರ್ವಹಣಾ ಕೇಂದ್ರ ಪ್ರಧಾನವಾದವು.

ಸ್ಥಳೀಯ ಸಂದರ್ಭ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಶಿರಾಳಕೊಪ್ಪದಂತಹ ಪಟ್ಟಣದಿಂದ ಜಿಲ್ಲಾಕೇಂದ್ರ ಸುಮಾರು 70 ಕಿ.ಮೀ. ದೂರದಲ್ಲಿದೆ. ಇಂತಹ ಊರಿನ ಸಹಕಾರ ಸಂಘ, ಕಾಲೇಜು ಅಥವಾ ವ್ಯಾಪಾರ ಸಂಸ್ಥೆ ಸ್ವಂತ ಸರ್ವರ್ ಇಟ್ಟುಕೊಂಡರೆ ಅದನ್ನು ನೋಡಿಕೊಳ್ಳುವ ತಂತ್ರಜ್ಞರು ಅದೇ ಊರಿನಲ್ಲಿಯೇ ಇರುತ್ತಾರೆಂದು ಹೇಳಲಾಗದು. ಮಳೆಗಾಲದಲ್ಲಿ ವಿದ್ಯುತ್ ಹೋಗಿಬರುವುದು ಮಲೆನಾಡಿನ ಅಂಚಿನ ಊರುಗಳಿಗೆ ಹೊಸತಲ್ಲ. ಯುಪಿಎಸ್ ಬ್ಯಾಟರಿ ಬರಿದಾಗಿ ಯಂತ್ರ ಆರಿ, ವಿದ್ಯುತ್ ಬಂದ ಮೇಲೆ ತಾನಾಗಿ ಚಾಲೂ ಆಗದಿದ್ದರೆ ದೂರನಿರ್ವಹಣೆಯ ಯಾವ ಸಲಕರಣೆಯೂ ಕೆಲಸಕ್ಕೆ ಬಾರದು. ಆದುದರಿಂದ ವಿದ್ಯುತ್ ಮರಳಿದೊಡನೆ ಚಾಲೂ ಆಗುವಂತೆ ಯಂತ್ರದ ಬಯಾಸ್‌ನಲ್ಲಿ ಮೊದಲೇ ಹೊಂದಿಸುವುದು ಅಗತ್ಯ. ಐಪಿಎಂಐ ಸೌಲಭ್ಯವಿರುವ ಸರ್ವರ್‌ಗಳನ್ನು ಕಾರ್ಯಾಚರಣ ವ್ಯವಸ್ಥೆ ನಿಂತಿದ್ದರೂ ದೂರದಿಂದ ಚಾಲೂ ಮಾಡಬಹುದು.

ಗಡಿಯಾರದ ದೋಷ

ಅನೇಕರು ಕಡೆಯಲ್ಲಿ ನೋಡುವ, ಮೊದಲೇ ನೋಡಬೇಕಾದ ಸಂಗತಿ ಇದು. ವಿಂಡೋಸ್ ಡೊಮೇನ್‌ಗಳು ಗುರುತಿನ ದೃಢೀಕರಣಕ್ಕೆ ಬಳಸುವ ಕೆರ್ಬೆರೋಸ್ ಪದ್ಧತಿಯಲ್ಲಿ ಎರಡು ಯಂತ್ರಗಳ ಗಡಿಯಾರಗಳ ನಡುವೆ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚು ಅಂತರವಿರಕೂಡದು. ಹಳೆಯ ಸರ್ವರ್‌ನ ಮದರ್‌ಬೋರ್ಡ್ ಮೇಲಿನ ಸಣ್ಣ ಬ್ಯಾಟರಿ ಸತ್ತಿದ್ದರೆ ವಿದ್ಯುತ್ ಹೋಗಿಬಂದ ಮೇಲೆ ದಿನಾಂಕ ಹಲವು ವರ್ಷ ಹಿಂದಕ್ಕೆ ಸರಿಯುತ್ತದೆ. ಆಗ ಪಾಸ್‌ವರ್ಡ್ ಸರಿಯಿದ್ದರೂ ಪವರ್‌ಶೆಲ್ ಸಂಪರ್ಕ ವಿಫಲವಾಗುತ್ತದೆ. ‘ಇನ್ನೂ ಜಾರಿಗೆ ಬರದ’ ಪ್ರಮಾಣಪತ್ರವೆಂದು ಆ ಸರ್ವರ್‌ನಲ್ಲಿಯೇ ತೆರೆದ ಬ್ರೌಸರ್ ಎಚ್ಚರಿಸುತ್ತದೆ. ದಾಖಲೆಗಳ ಸಮಯಗಳೆಲ್ಲ ಅಸ್ತವ್ಯಸ್ತವಾಗುತ್ತವೆ. ನಿರ್ವಾಹಕರು ಪಾಸ್‌ವರ್ಡನ್ನು ಮತ್ತೆ ಮತ್ತೆ ಬದಲಿಸುತ್ತ ಗಂಟೆಗಟ್ಟಲೆ ಕಳೆಯುವುದು ಇಂತಹ ಸಂದರ್ಭದಲ್ಲಿಯೇ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲ ಸರ್ವರ್‌ಗಳೊಂದಿಗೆ, ಇಲ್ಲವೇ ಅವುಗಳನ್ನು ಅನುಸರಿಸುವ ಸರ್ವರ್‌ಗಳೊಂದಿಗೆ ಗಡಿಯಾರಗಳನ್ನು ಹೊಂದಿಸಬೇಕೆಂದೂ, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದೂ ತಿಳಿಸಲಾಗಿದೆ.

ಸಂಪರ್ಕ ಮತ್ತು ಪೋರ್ಟ್‌ಗಳು

ಸರ್ವರ್ ಪಿಂಗ್‌ಗೆ ಉತ್ತರಿಸಲಿಲ್ಲವೆಂಬ ಮಾತ್ರಕ್ಕೆ ಅದು ನಿಂತಿದೆಯೆಂದು ತಿಳಿಯಬಾರದು. ಬಹಳಷ್ಟು ಫೈರ್‌ವಾಲ್‌ಗಳು ಪಿಂಗನ್ನು ತಡೆಯುತ್ತವೆ. ಬೇಕಾದ ಪೋರ್ಟ್ ತೆರೆದಿದೆಯೇ ಎಂದು ನೇರವಾಗಿ ಪರೀಕ್ಷಿಸುವುದು ಉತ್ತಮ. ಎಸ್‌ಎಸ್‌ಎಚ್‌ಗೆ 22, ವಿಂಡೋಸ್ ದೂರ ನಿರ್ವಹಣಾ ಸೇವೆಗೆ 5985 ಮತ್ತು 5986, ರಿಮೋಟ್ ಡೆಸ್ಕ್‌ಟಾಪ್‌ಗೆ 3389 ರೂಢಿಯ ಪೋರ್ಟ್‌ಗಳು. ಎಕ್ಸ್‌ಚೇಂಜ್‌ನ ಪವರ್‌ಶೆಲ್ ಮಾತ್ರ ಜಾಲತಾಣ ಸೇವೆಯ ಮೂಲಕ 80 ಅಥವಾ 443ರಲ್ಲಿ ಬರುತ್ತದೆ ಎಂಬುದನ್ನು ಮರೆತು 5985ನ್ನು ತೆರೆಯುವವರಿದ್ದಾರೆ.

ಸಂಪರ್ಕ ಕೂಡಲೇ ನಿರಾಕರಿಸಲ್ಪಟ್ಟರೆ ಯಂತ್ರ ಎಚ್ಚರವಾಗಿದ್ದು ಆ ಸೇವೆ ಮಾತ್ರ ನಿಂತಿರುವ ಸಂಭವ ಹೆಚ್ಚು. ಉತ್ತರವೇ ಇಲ್ಲದೆ ಕಾಯಿಸಿದರೆ ಫೈರ್‌ವಾಲ್, ಮಾರ್ಗ ಅಥವಾ ಯಂತ್ರವನ್ನೇ ಶಂಕಿಸಬೇಕು. ಹಲವು ಬಾರಿ ತಪ್ಪು ಪಾಸ್‌ವರ್ಡ್ ಕೊಟ್ಟ ನಿರ್ವಾಹಕರ ವಿಳಾಸವನ್ನು ಫೇಲ್‌ಟುಬ್ಯಾನ್‌ನಂತಹ ಕಾವಲು ತಂತ್ರಾಂಶ ತಡೆದಿರುವುದೂ ಉಂಟು. ಮೊಬೈಲ್ ಜಾಲದಿಂದ ಪ್ರಯತ್ನಿಸಿದಾಗ ಸಂಪರ್ಕ ಸಿಕ್ಕಿ, ಕಚೇರಿಯ ಬ್ರಾಡ್‌ಬ್ಯಾಂಡ್‌ನಿಂದ ಸಿಗದಿದ್ದರೆ ಈ ಅನುಮಾನ ಬಲಗೊಳ್ಳುತ್ತದೆ.

ಪ್ರಮಾಣಪತ್ರ ಮತ್ತು ಅನುಮತಿ

ಎಕ್ಸ್‌ಚೇಂಜ್ 2013 ಮತ್ತು ನಂತರದ ಆವೃತ್ತಿಗಳಲ್ಲಿ ಹೊರಗಿನ ತಾಣ 443ರಲ್ಲಿಯೂ ಒಳಗಿನ ತಾಣ 444ರಲ್ಲಿಯೂ ನಡೆಯುತ್ತದೆ. ಪ್ರಮಾಣಪತ್ರ ಬದಲಿಸುವಾಗ ಒಳಗಿನ ತಾಣದ ಜೋಡಣೆ ಕಳಚಿಹೋದರೆ ಪ್ರವೇಶಪುಟ ಕಾಣಿಸಿ, ಪಾಸ್‌ವರ್ಡ್ ಕೊಟ್ಟ ಬಳಿಕ ಖಾಲಿ ಪುಟ ಬರುತ್ತದೆ. ಜೊತೆಗೆ ಪವರ್‌ಶೆಲ್ ಸಹ ಸಂಪರ್ಕ ಪಡೆಯದು. ಲೆಟ್ಸ್ ಎನ್‌ಕ್ರಿಪ್ಟ್‌ನ 90 ದಿನಗಳ ಪ್ರಮಾಣಪತ್ರ ಬಳಸುವ ಲಿನಕ್ಸ್ ಸರ್ವರ್‌ಗಳಲ್ಲಿ ಬೇರೊಂದು ತೊಡಕಿದೆ: ಪ್ರಮಾಣಪತ್ರ ತಾನಾಗಿ ನವೀಕರಣಗೊಂಡಿದ್ದರೂ ಅಂಚೆ ಸೇವೆ ಅದನ್ನು ಮರಳಿ ಓದದೆ ಹಳೆಯದನ್ನೇ ತೋರಿಸುತ್ತಿರಬಹುದು. ಎಸ್‌ಎಸ್‌ಎಚ್‌ನಲ್ಲಿ ಕೀಲಿ ಸರಿಯಿದ್ದೂ ಪ್ರವೇಶ ಸಿಗದಿದ್ದರೆ ಬಳಕೆದಾರರ ಮನೆಕೋಶಕ್ಕೆ ಇತರರೂ ಬರೆಯುವ ಅನುಮತಿ ಇದೆಯೇ ಎಂದು ನೋಡಬೇಕು. ಹಾಗಿದ್ದಲ್ಲಿ ಸರ್ವರ್ ಆ ಕೀಲಿಯನ್ನು ಒಪ್ಪುವುದಿಲ್ಲ.

ತಾನೇ ಹೊರಗುಳಿಯುವ ಅಪಾಯ

ದೂರದಿಂದ ಫೈರ್‌ವಾಲ್ ನಿಯಮ ಬದಲಿಸುವವರು ತಮ್ಮದೇ ದಾರಿಯನ್ನು ಮುಚ್ಚಿಕೊಳ್ಳಬಹುದು. ಹಳೆಯ ನಿಯಮಗಳು 10 ನಿಮಿಷದ ಬಳಿಕ ತಾನಾಗಿ ಮರಳುವಂತೆ ಸಮಯ ಗೊತ್ತುಮಾಡಿ, ಎರಡನೆಯ ಸಂಪರ್ಕವೊಂದು ಸಿಕ್ಕಿದ ಮೇಲಷ್ಟೇ ಅದನ್ನು ರದ್ದುಮಾಡುವುದು ರೂಢಿ. ಈ ಕ್ರಮ ಪಾಲಿಸದಿದ್ದರೆ ಶಿವಮೊಗ್ಗದಿಂದ ಬಸ್ ಹತ್ತಬೇಕಾದೀತು.

ಹಾಗೆಂದು ಎಲ್ಲವನ್ನೂ ತೆರೆದಿಡುವುದು ಇನ್ನೂ ಕೆಟ್ಟದ್ದು. 2021ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ಪ್ರಾಕ್ಸಿಲಾಗಾನ್ ದೋಷಗಳ ಮೂಲಕ ದಾಳಿಕೋರರು ಪಾಸ್‌ವರ್ಡ್ ಇಲ್ಲದೆಯೇ ಎಕ್ಸ್‌ಚೇಂಜ್ ಸರ್ವರ್‌ಗಳನ್ನು ಪ್ರವೇಶಿಸಿ, ಮರಳಿ ಬರಲು ಗುಪ್ತ ಕಡತಗಳನ್ನು ಇರಿಸಿಹೋದರು. ತಿದ್ದುಪಡಿ ಹಾಕಿದ ಮಾತ್ರಕ್ಕೆ ಆ ಕಡತಗಳು ಅಳಿಯುವುದಿಲ್ಲ. ನಿರ್ವಹಣಾ ಪುಟವನ್ನು ವಿಪಿಎನ್‌ನ ಒಳಗಷ್ಟೇ ಇಡುವುದು ಕ್ಷೇಮ. ಎಕ್ಸ್‌ಚೇಂಜ್ 2016 ಮತ್ತು 2019ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ.

ಪತ್ರಗಳ ಸ್ಥಿತಿ

ಸರ್ವರ್ ಕೆಲಕಾಲ ಸಿಗದಿದ್ದರೆ ಹೊರಗಿನಿಂದ ಬರುವ ಪತ್ರಗಳು ಕೂಡಲೇ ನಾಶವಾಗುವುದಿಲ್ಲ. ಕಳುಹಿಸುವ ಸರ್ವರ್ ಅವುಗಳನ್ನು ಸರತಿಯಲ್ಲಿಟ್ಟು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್‌ನಲ್ಲಿ ಈ ಅವಧಿ ಸಾಮಾನ್ಯವಾಗಿ 5 ದಿನ. ಆ ಬಳಿಕ ಪತ್ರ ಕಳುಹಿಸಿದವರಿಗೇ ಹಿಂದಿರುಗುತ್ತದೆ. ಆದಕಾರಣ ಆತುರದಲ್ಲಿ ಸರ್ವರನ್ನು ಹೊಸದಾಗಿ ಸ್ಥಾಪಿಸಲು ಹೊರಡುವ ಮೊದಲು ಡಿಸ್ಕ್‌ನಲ್ಲಿ ಜಾಗ ಉಳಿದಿದೆಯೇ ಎಂದು ನೋಡುವುದು ಒಳ್ಳೆಯದು. ಲಾಗ್ ಕಡತಗಳು ಬೆಳೆದು ಡಿಸ್ಕ್ ತುಂಬಿದಾಗ ಅಂಚೆ ಸ್ವೀಕಾರವೂ ಹಲವೊಮ್ಮೆ ದೂರ ಪ್ರವೇಶವೂ ಒಟ್ಟಿಗೆ ನಿಲ್ಲುತ್ತವೆ. ಎಕ್ಸ್‌ಚೇಂಜ್‌ನಲ್ಲಿ ದತ್ತಸಂಚಯದ ವಹಿವಾಟು ಲಾಗ್‌ಗಳನ್ನು ಕೈಯಾರೆ ಅಳಿಸಬಾರದು. ಪೂರ್ಣ ಬ್ಯಾಕಪ್ ಯಶಸ್ವಿಯಾದ ಮೇಲೆ ಅವು ತಾವಾಗಿ ತೆರವಾಗುತ್ತವೆ. ಅದಕ್ಕೆ ಮೊದಲೇ ಅಳಿಸಿದರೆ ಅಂಚೆಪೆಟ್ಟಿಗೆಗಳನ್ನು ಮರಳಿ ಪಡೆಯುವ ದಾರಿ ಮುಚ್ಚಿಹೋಗಬಹುದು.