ಹೂ ಬಿಡುವ ಮೊದಲೇ ಕಾಂಗ್ರೆಸ್ ಗಿಡ ಕಿತ್ತುಹಾಕಿ

ಹೈನುಗಾರ ಅಕ್ಕಂದಿರೇ,

ಮಳೆ ಬಿದ್ದ ಮೇಲೆ ಯಲಹಂಕ, ಹೆಸರಘಟ್ಟದ ಕಡೆ ಖಾಲಿ ಸೈಟು, ಕೆರೆ ಏರಿ, ರಸ್ತೆ ಬದಿಯಲ್ಲಿ ನೀವು ಹುಲ್ಲು ಕೊಯ್ಯುತ್ತೀರಿ. ಅದರ ನಡುವೆ ಬಿಳಿ ಹೂವಿನ ಕಾಂಗ್ರೆಸ್ ಗಿಡ (ಪಾರ್ಥೇನಿಯಂ) ಇದ್ದೇ ಇರುತ್ತದೆ. ‘ಹಸು ಹೇಗೂ ಮೂಸುವುದಿಲ್ಲ, ಇದ್ದರೆ ಇರಲಿ’ ಎನ್ನುವವರು ಬಹಳ. ಆದರೆ ಹಸು ತಿನ್ನದಿದ್ದರೂ ಈ ಗಿಡ ನಷ್ಟ ಮಾಡುತ್ತದೆ. ಕಾರಣ, ಅದರ ಪರಾಗ, ಅಂದರೆ ಹೂವಿನ ಪುಡಿ.

ಪರಾಗದಿಂದ ಏನಾಗುತ್ತದೆ?

ನಮ್ಮ ತುಂಬೆ, ತಂಗಡಿ ಹೂಗಳ ಪರಾಗವನ್ನು ಜೇನು, ದುಂಬಿಗಳು ಹೊತ್ತೊಯ್ಯುತ್ತವೆ. ಅಮೆರಿಕ ಖಂಡದಿಂದ ಬಂದ ಕಾಂಗ್ರೆಸ್ ಗಿಡದ ಪರಾಗವೋ ಗಾಳಿಯಲ್ಲಿ ಹಾರುತ್ತದೆ. ಚೆನ್ನಾಗಿ ಬೆಳೆದ ಒಂದು ಗಿಡ ಸುಮಾರು 60 ಕೋಟಿ ಕಣ ಬಿಡಬಲ್ಲದು. ಈ ಕಣ ಬೇರೆ ಬೆಳೆಯ ಹೂವಿನ ಮೇಲೆ ಕುಳಿತರೆ ಕಾಯಿ ಕಚ್ಚುವುದು ಕಡಿಮೆಯಾಗುತ್ತದೆ. ಟೊಮೇಟೊ, ಬದನೆ, ಬೀನ್ಸ್‌ನಲ್ಲಿ ಇದನ್ನು ಬೆಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು 1980ರಲ್ಲೇ ತೋರಿಸಿದ್ದಾರೆ. ಮುಸುಕಿನ ಜೋಳದ ತೆನೆಯ ಕೂದಲ ಮೇಲೆ ಬಿದ್ದರೆ ಕಾಳು ಸರಿಯಾಗಿ ಕಟ್ಟುವುದಿಲ್ಲ.

ಉಸಿರಿನ ಜೊತೆ ಒಳಗೆ ಹೋದರೆ ಸೀನು, ಮೂಗು ಸೋರುವುದು, ಕೆಲವರಿಗೆ ಉಬ್ಬಸ. ಬರಿಗೈಲಿ ಗಿಡ ಮುಟ್ಟಿದರೆ ಕೈ, ಕತ್ತು, ಮುಖದಲ್ಲಿ ಕೆರೆತ ಬರಬಹುದು. ಹುಲ್ಲು ಹೊರುವವರು ನೀವು, ಮೊದಲ ಪೆಟ್ಟೂ ನಿಮಗೇ.

ಹಸುವಿಗೆ, ಹಾಲಿಗೆ

ಹಸಿದ ಹಸು ಹುಲ್ಲಿನ ಜೊತೆ ಸೇರಿದ ಗಿಡವನ್ನೂ ತಿನ್ನುತ್ತದೆ. ಆಗ ಜೊಲ್ಲು ಸುರಿಯುವುದು, ಬಾಯಿಹುಣ್ಣು, ಭೇದಿ, ಕೂದಲು ಉದುರುವುದು, ಚರ್ಮದ ಕೆರೆತ ಕಾಣಬಹುದು. ಹಾಲು ಕಹಿಯಾಗುತ್ತದೆ. ಹೆಚ್ಚು ತಿಂದರೆ ಜೀವಕ್ಕೇ ಅಪಾಯ.

ಹೀಗೆ ಮಾಡಿ

• ಹೂ ಬಿಡುವ ಮೊದಲೇ, ನೆಲ ಹಸಿಯಿರುವಾಗ ಬೇರುಸಮೇತ ಕೀಳಿ. ಮೊಳೆತು ಒಂದು ತಿಂಗಳಿಗೇ ಹೂ ಬರಬಹುದು, ತಡ ಮಾಡಬೇಡಿ.
• ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್, ಮೂಗು-ಬಾಯಿಗೆ ಬಟ್ಟೆ ಕಟ್ಟಿ. ಆಮೇಲೆ ಸೋಪು ಹಾಕಿ ಕೈಕಾಲು ತೊಳೆಯಿರಿ. ಉಬ್ಬಸ ಇರುವವರು ಈ ಕೆಲಸಕ್ಕೆ ಹೋಗಬೇಡಿ.
• ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದದ್ದನ್ನು ಹಾಕಿದರೆ ಬೀಜ ಗೊಬ್ಬರದ ಜೊತೆ ಹೊಲ ಸೇರುತ್ತದೆ.
• ಮೇವು ಕತ್ತರಿಸುವ ಮೊದಲು ಹೊರೆ ಬಿಚ್ಚಿ ಆರಿಸಿ. ಚಾಫ್ ಕಟರ್‌ಗೆ ಹೋದ ಮೇಲೆ ಹಸುವೂ ಬೇರ್ಪಡಿಸಲಾರದು.
• ಎಲೆ ಮೇಲೆ ಕಪ್ಪು ಗೆರೆಯ ತಿಳಿಬಣ್ಣದ ಜೀರುಂಡೆ ಕಂಡರೆ ಕೊಲ್ಲಬೇಡಿ. ಈ ಕಳೆ ತಿನ್ನಲೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಕೀಟ ಅದು.

ಒಬ್ಬರೇ ಕಿತ್ತರೆ ಪಕ್ಕದ ಸೈಟಿನ ಬೀಜ ಮತ್ತೆ ಬರುತ್ತದೆ. ಸಂಘದ ಸದಸ್ಯೆಯರೆಲ್ಲ ಒಂದು ದಿನ ಗೊತ್ತುಮಾಡಿ ಒಟ್ಟಿಗೆ ಕೀಳಿ. ಹಸುವಿನಲ್ಲಿ ಮೇಲಿನ ಲಕ್ಷಣ ಕಂಡರೆ ಆ ಮೇವು ನಿಲ್ಲಿಸಿ, ಕೂಡಲೇ ಪಶುವೈದ್ಯರಿಗೆ ತಿಳಿಸಿ.

– ಪಶುವೈದ್ಯಾಧಿಕಾರಿ